ತಳಿವಿಜ್ಞಾನಿಯ ಪ್ರಕಟಣಾ ಪಟ್ಟಿಯನ್ನು ಓದುವುದು ಹೇಗೆ?

ಒಬ್ಬರ ಸಂಶೋಧನಾ ಪ್ರಬಂಧವನ್ನು ಉಳಿದವರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂದು ಲೆಕ್ಕವಿಡುವ ಪದ್ಧತಿಗೂ ತಳಿವಿಜ್ಞಾನಕ್ಕೂ ಹಳೆಯ ನಂಟಿದೆ. ಅಮೆರಿಕದ ಯುಜೀನ್ ಗಾರ್ಫೀಲ್ಡ್ ಅವರು, ನೊಬೆಲ್ ಪುರಸ್ಕೃತ ತಳಿವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ಅವರ ಒತ್ತಾಸೆಯೊಂದಿಗೆ, 1963ರಲ್ಲಿ ಪ್ರಾಯೋಗಿಕವಾಗಿ ಹೊರತಂದದ್ದು ತಳಿವಿಜ್ಞಾನದ ಉಲ್ಲೇಖ ಸೂಚಿಯನ್ನೇ. ಈಗ ಪಿಎಚ್.ಡಿ.ಗೆ ಮಾರ್ಗದರ್ಶಕರನ್ನು ಹುಡುಕುವ ವಿದ್ಯಾರ್ಥಿಗಳೂ ಈ ಅಂಕಿಗಳನ್ನು ನೋಡುತ್ತಾರೆ. ನೋಡುವ ಕ್ರಮ ಹೀಗಿರಲಿ.

ಮೊದಲು, ಪಟ್ಟಿಯಲ್ಲಿರುವುದೆಲ್ಲ ಆ ವ್ಯಕ್ತಿಯದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ನಮ್ಮಲ್ಲಿ ಹೆಸರಿನ ಮುಂದೆ ಊರಿನದೋ ತಂದೆಯದೋ ಇನಿಷಿಯಲ್ ಇರುವುದರಿಂದ ‘ಎಸ್. ಮಂಜುನಾಥ’ ಎಂಬಂಥ ಹೆಸರಿನವರ ಪ್ರಬಂಧಗಳು ಎರಡು ಮೂರು ಕಡೆ ಚದುರಿರಬಹುದು, ಇಲ್ಲವೇ ಅದೇ ಹೆಸರಿನ ಇನ್ನೊಬ್ಬರವು ಸೇರಿಕೊಂಡಿರಬಹುದು. ಸಂಶೋಧಕರಿಗೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಸಿಗುವ 16 ಅಂಕಿಗಳ ಆರ್ಕಿಡ್ (ORCID) ಗುರುತು ಸಂಖ್ಯೆಯಿದ್ದರೆ ಅದರಿಂದಲೇ ಹುಡುಕಿ.

ಬಳಿಕ ಉಲ್ಲೇಖಗಳನ್ನು ಎಣಿಸುವ ಗೂಗಲ್ ಸ್ಕಾಲರ್, ಸ್ಕೋಪಸ್‌ನಂಥ ಜಾಲತಾಣಗಳಲ್ಲಿ ಒಂದನ್ನೇ ಮೂಲವಾಗಿ ಆಯ್ದುಕೊಳ್ಳಿ. ಗೂಗಲ್ ಸ್ಕಾಲರ್, ಪ್ರಿಪ್ರಿಂಟ್ (ತಜ್ಞರ ಪರಿಶೀಲನೆಗೆ ಮೊದಲೇ ಹೊರಬಂದ ಪ್ರಬಂಧ), ಥೀಸಿಸ್‌ಗಳಲ್ಲಿನ ಉಲ್ಲೇಖಗಳನ್ನೂ ಎಣಿಸುವುದರಿಂದ ಅದರ ಲೆಕ್ಕ ಸ್ಕೋಪಸ್‌ಗಿಂತ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಯಾವ ಮೂಲ, ಯಾವ ದಿನ ಎಂಬುದನ್ನು ಬರೆದಿಟ್ಟುಕೊಳ್ಳಿ.

ಮೂರನೆಯದು ಎಚ್-ಇಂಡೆಕ್ಸ್, ಅಂದರೆ ಎಷ್ಟು ಪ್ರಬಂಧಗಳಿಗೆ ಕನಿಷ್ಠ ಅಷ್ಟಷ್ಟೇ ಉಲ್ಲೇಖಗಳಿವೆ ಎಂದು ಹೇಳಬಹುದಾದ ಅತಿ ದೊಡ್ಡ ಸಂಖ್ಯೆ. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಮುಂದಿಟ್ಟ ಈ ಅಳತೆಯನ್ನು ಕೈಯಿಂದಲೇ ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಏಳು ಪ್ರಬಂಧಗಳಿಗೆ ಕ್ರಮವಾಗಿ 90, 40, 12, 6, 5, 3, 1 ಉಲ್ಲೇಖಗಳಿವೆ ಎಂದುಕೊಳ್ಳೋಣ. ಐದು ಪ್ರಬಂಧಗಳಿಗೆ ಕನಿಷ್ಠ ಐದೈದು ಉಲ್ಲೇಖಗಳಿವೆ, ಆದರೆ ಆರಕ್ಕೆ ಆರಾರು ಇಲ್ಲ. ಆದ್ದರಿಂದ ಇಂಡೆಕ್ಸ್ 5. ಮೊದಲಿನ 90 ನಾಳೆ 9,000 ಆದರೂ ಅದು 5ರಲ್ಲೇ ನಿಲ್ಲುತ್ತದೆ, ಒಟ್ಟು ಉಲ್ಲೇಖಗಳ ಸಂಖ್ಯೆ ಮಾತ್ರ ಮುಗಿಲು ಮುಟ್ಟುತ್ತದೆ. ಎರಡನ್ನೂ ಜೊತೆಗಿಟ್ಟು ನೋಡದಿದ್ದರೆ ಮೋಸ ಹೋಗುವುದು ಸುಲಭ.

ತಳಿವಿಜ್ಞಾನದಲ್ಲಿ ಇಂಥ ಮುಗಿಲು ಮುಟ್ಟುವ ಪ್ರಬಂಧಗಳು ಅಪರೂಪವಲ್ಲ. 2001ರ ಮಾನವ ಜೀನೋಮ್ ಪ್ರಬಂಧದಂಥ ಒಕ್ಕೂಟದ ಕೆಲಸಗಳಿಗೆ ನೂರಾರು ಲೇಖಕರಿರುತ್ತಾರೆ. ಡಿಎನ್‌ಎ ಸರಣಿಗಳನ್ನು ಹೋಲಿಸುವ ಬ್ಲಾಸ್ಟ್ ತಂತ್ರಾಂಶದ 1990ರ ಪ್ರಬಂಧವನ್ನು, ಆ ಸಾಧನ ಬಳಸಿದವರೆಲ್ಲ ಉಲ್ಲೇಖಿಸುತ್ತಾ ಬಂದಿದ್ದಾರೆ. ಹಾಗಾಗಿ ನಾಲ್ಕನೆಯ ಹೆಜ್ಜೆಯಲ್ಲಿ ಲೇಖಕರ ಸ್ಥಾನವನ್ನು ನೋಡಬೇಕು: ಜೀವವಿಜ್ಞಾನದ ರೂಢಿಯಂತೆ ಮೊದಲ ಹೆಸರು ಹೆಚ್ಚಿನ ಕೆಲಸ ಮಾಡಿದವರದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದು. ನಡುವಿನ ನೂರು ಹೆಸರುಗಳಲ್ಲಿ ಒಂದಾಗಿದ್ದರೆ ಆ ಉಲ್ಲೇಖಗಳನ್ನು ಬೇರೆಯಾಗಿ ಎಣಿಸುವುದೇ ನ್ಯಾಯ.

ಕೊನೆಯ ಹೆಜ್ಜೆಯನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದೇ ಮುಖ್ಯ. ಉಲ್ಲೇಖಿಸಿದವರು ಏನೆಂದಿದ್ದಾರೆ ಎಂದು ಓದಿ. ಸೆರೊಟೊನಿನ್‌ಗೆ ಸಂಬಂಧಿಸಿದ ಒಂದು ಜೀನಿನ ರೂಪಭೇದವು ಬದುಕಿನ ಒತ್ತಡದೊಂದಿಗೆ ಸೇರಿ ಖಿನ್ನತೆಯ ಸಾಧ್ಯತೆಯನ್ನು ಹೆಚ್ಚಿಸುತ್ತದೆ ಎಂದ 2003ರ ಪ್ರಬಂಧವನ್ನು ಸಾವಿರಾರು ಮಂದಿ ಉಲ್ಲೇಖಿಸಿದರು. ಲಕ್ಷಗಟ್ಟಲೆ ಜನರ ದತ್ತಾಂಶವನ್ನು ಪರಿಶೀಲಿಸಿದ 2019ರ ಅಧ್ಯಯನಕ್ಕೆ ಅಂಥ ನಂಟಿಗೆ ಪುರಾವೆ ಸಿಗಲಿಲ್ಲ. ಅಲ್ಲಗಳೆದದ್ದೂ ಲೆಕ್ಕಕ್ಕೆ ಒಂದು ಉಲ್ಲೇಖವೇ. ಆದ್ದರಿಂದ ಪಟ್ಟಿಯ ಮೇಲ್ತುದಿಯಲ್ಲಿರುವ ಮೂರು ನಾಲ್ಕು ಪ್ರಬಂಧಗಳನ್ನಾದರೂ ಆಯ್ದು, ಅವುಗಳನ್ನು ಇತ್ತೀಚೆಗೆ ಉಲ್ಲೇಖಿಸಿದ ಬರಹಗಳನ್ನು ತೆರೆದು, ಫಲಿತಾಂಶ ಬೇರೆ ಜನಸಮುದಾಯಗಳಲ್ಲೂ ಮರುಕಳಿಸಿದೆಯೇ, ಪ್ರಬಂಧವನ್ನು ನಿಯತಕಾಲಿಕೆ ಹಿಂಪಡೆದಿದೆಯೇ ಎಂಬುದನ್ನು ನೋಡಿ.