ಮಹಡಿಗೂ ವೈಫೈ ಬೇಕಾ? ಮೊದಲು ವೈರ್ ಎಳೆಸಿ

ತುಮಕೂರಿನ ಎಸ್‌ಐಟಿ ಬಡಾವಣೆಯಾಗಲಿ, ಕ್ಯಾತ್ಸಂದ್ರದ ಕಡೆಯಾಗಲಿ, ಈಗಿನ ಮನೆಗಳದ್ದು ಹೆಚ್ಚುಕಡಿಮೆ ಒಂದೇ ನಕ್ಷೆ. 30-40 ಸೈಟು, ಮೇಲೊಂದು ಮಹಡಿ, ಹಾಲ್‌ನ ಮೂಲೆಯಲ್ಲಿ ಟಿವಿ, ಟಿವಿ ಹಿಂದೆ ಫೈಬರ್ ಡಬ್ಬಿ. ಮಹಡಿ ರೂಮಿಗೆ ವೈಫೈ ಸಿಗುವುದಿಲ್ಲ. ಆಗ ಎಲ್ಲರೂ ಮಾಡುವ ಕೆಲಸ ಒಂದೇ: ಆರು ಆಂಟೆನಾದ ದುಬಾರಿ ರೂಟರ್ ತಂದು ಅದೇ ಟಿವಿ ಹಿಂದೆ ಇಡುವುದು. ಆಗಲೂ ಮೇಲಕ್ಕೆ ಸಿಗುವುದಿಲ್ಲ. ದುಡ್ಡು ಹೋಯಿತು ಅಷ್ಟೇ.

ರೂಟರ್ ಎಷ್ಟೇ ಜೋರಾಗಿ ಕೂಗಲಿ, ನಿಮ್ಮ ಫೋನ್ ಕೊಡುವ ಉತ್ತರ ಅದಕ್ಕೆ ಕೇಳಿಸಬೇಕಲ್ಲ. ಫೋನಿನ ಆಂಟೆನಾ ಚಿಕ್ಕದು, ಶಕ್ತಿಯೂ ಕಮ್ಮಿ. ಹಾಗಾಗಿ ಡಬ್ಬಿ ದೊಡ್ಡದಾದರೆ ಸಾಲದು, ಹತ್ತಿರ ಬರಬೇಕು. ಮಹಡಿಗೊಂದು ಆಕ್ಸೆಸ್ ಪಾಯಿಂಟ್ (ವೈರಿನಲ್ಲಿ ಬಂದ ಇಂಟರ್‌ನೆಟ್ಟನ್ನು ವೈಫೈ ಆಗಿ ಹರಡುವ ಡಬ್ಬಿ), ಫೈಬರ್ ಡಬ್ಬಿಯಿಂದ ಅದಕ್ಕೊಂದು ವೈರ್. ನಾನು ಹೇಳುವುದು ಇಷ್ಟೇ.

1. ಜಾಗ ಹುಡುಕಿ. ಬಹಳ ಜನ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಮಾಡಿ. ಆಂಡ್ರಾಯ್ಡ್ ಫೋನಿಗೆ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಹಾಕಿಕೊಳ್ಳಿ. ಅದು ಸಿಗ್ನಲನ್ನು ಮೈನಸ್ ಅಂಕಿಯಲ್ಲಿ ತೋರಿಸುತ್ತದೆ. ಮೈನಸ್ 50 ಬಂದರೆ ಭರ್ಜರಿ. ಮೈನಸ್ 67ರವರೆಗೆ ವಿಡಿಯೊ ಕಾಲ್ ತಡೆಯಿಲ್ಲದೆ ನಡೆಯುತ್ತದೆ. ಮೈನಸ್ 75 ದಾಟಿದರೆ ಗುಂಡಗೆ ಸುತ್ತುವ ಚಕ್ರ ನೋಡುತ್ತಾ ಕೂರಬೇಕು.

ಅಂಕಿ ನೋಡುವಾಗ ರೂಮಿನ ಬಾಗಿಲು ಹಾಕಿಕೊಳ್ಳಿ. ರಾತ್ರಿ ನೀವು ಬಾಗಿಲು ಹಾಕಿಕೊಂಡೇ ತಾನೇ ಮಲಗುವುದು? ಮಂಚದ ಮೇಲೆ, ಓದುವ ಟೇಬಲ್ಲಿನಲ್ಲಿ, ಬಾಲ್ಕನಿಯಲ್ಲಿ ಬೇರೆ ಬೇರೆಯಾಗಿ ನೋಡಿ. ಬೀರುವಿನ ಹಿಂದೆ ಫೋನ್ ಹಿಡಿದರೆ ಅಂಕಿ ಪಾತಾಳಕ್ಕೆ ಇಳಿಯುವುದು ನಿಮಗೇ ಕಾಣುತ್ತದೆ. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರಿನ ಟ್ಯಾಂಕು, ಕಂಬಿ ಕಟ್ಟಿದ ಮೋಲ್ಡು, ಎಲ್ಲವೂ ಸಿಗ್ನಲ್ ನುಂಗುತ್ತವೆ. ನಮ್ಮ ಕಡೆಯ ಹಳೇ ಕಲ್ಲುಗೋಡೆಯ ಮನೆಯಾದರೆ ಕೇಳುವುದೇ ಬೇಡ, ರೂಮಿಗೊಂದು ಡಬ್ಬಿ ಬೇಕಾದೀತು. ವೈಫೈ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ರೇಡಿಯೊ ಪಟ್ಟಿಗಳಲ್ಲಿ ಬರುತ್ತದೆ. 5ಕ್ಕೆ ವೇಗ ಜಾಸ್ತಿ, ಗೋಡೆ ದಾಟುವ ತಾಕತ್ತು ಕಮ್ಮಿ. 2.4 ಗೋಡೆ ದಾಟುತ್ತದೆ, ಆದರೆ ಅಕ್ಕಪಕ್ಕದ ಮನೆಯವರೆಲ್ಲ ಅದರಲ್ಲೇ ಇರುತ್ತಾರೆ. ಅದಕ್ಕೇ 5ರ ಅಂಕಿಯನ್ನೇ ನಂಬಿ.

ಗೋಡೆ ಕೊರೆಯುವ ಮೊದಲು ಒಂದು ಉದ್ದ ವೈರನ್ನು ಮೆಟ್ಟಿಲ ಮೇಲೆ ಹಾಗೇ ಎಳೆದುಕೊಂಡು ಹೋಗಿ. ಪ್ಯಾಸೇಜಿನಲ್ಲಿ ಏಣಿ ನಿಲ್ಲಿಸಿ, ತುದಿಯಲ್ಲಿ ಡಬ್ಬಿ ಇಟ್ಟು ಮತ್ತೆ ಅಳೆಯಿರಿ. ಎಲ್ಲ ರೂಮಿನ ಬಾಗಿಲೂ ತೆರೆಯುವ ಪ್ಯಾಸೇಜಿನ ಸೀಲಿಂಗ್ ಸಾಮಾನ್ಯವಾಗಿ ಒಳ್ಳೆಯ ಜಾಗ. ಸಜ್ಜದ ಮೇಲೆ ಹಳೇ ಪಾತ್ರೆಗಳ ಹಿಂದೆ ಬಚ್ಚಿಡಬೇಡಿ. ಚಂದ ಕಾಣುವುದಿಲ್ಲ ಅಂತ ಮನೆಯವರು ಹೇಳಿಯೇ ಹೇಳುತ್ತಾರೆ, ಜಗ್ಗಬೇಡಿ.

2. ವೈರ್. ಕ್ಯಾಟ್ 6 ಅನ್ನುವ ನೆಟ್‌ವರ್ಕ್ ವೈರ್, ಪೂರ್ತಿ ತಾಮ್ರದ್ದು. ಅಗ್ಗದ ವೈರಿನಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರುತ್ತದೆ. ಅಂಗಡಿಯಲ್ಲೇ ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಬೇಡ ಅನ್ನಿ. 100 ಮೀಟರ್‌ವರೆಗೆ ಎಳೆಯಬಹುದು, ಮನೆಗೆ ಧಾರಾಳ ಸಾಕು. ಕರೆಂಟ್ ವೈರಿನ ಪೈಪಿನಲ್ಲೇ ತುರುಕಲು ಎಲೆಕ್ಟ್ರಿಷಿಯನ್ ಒಪ್ಪಿದರೂ ನೀವು ಒಪ್ಪಬೇಡಿ. ಮನೆ ಇನ್ನೂ ಕಟ್ಟುತ್ತಿದ್ದರೆ ಪ್ರತಿ ಮಹಡಿಯ ಪ್ಯಾಸೇಜಿಗೂ ಒಂದು ಖಾಲಿ ಪೈಪು ಬಿಡಿಸಿ.

ಪ್ಲಗ್‌ಗೆ ಸಿಕ್ಕಿಸುವ ರಿಪೀಟರ್ ಸಾಕಲ್ವಾ ಅಂತ ಕೇಳುತ್ತಾರೆ. ಅಗ್ಗದ ರಿಪೀಟರ್ ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ತಿರುಗಿ ಹೇಳುತ್ತದೆ. ವೇಗ ಅರ್ಧಕ್ಕೆ ಇಳಿಯುತ್ತದೆ. ಬಾಡಿಗೆ ಮನೆ, ಗೋಡೆ ಮುಟ್ಟುವ ಹಾಗಿಲ್ಲ ಅಂದರೆ ಮೆಶ್ ಸೆಟ್ (ವೈರಿಲ್ಲದೆ ತಮ್ಮತಮ್ಮಲ್ಲೇ ಜೋಡಿಯಾಗುವ ಎರಡು-ಮೂರು ಡಬ್ಬಿಗಳು) ತಗೊಳ್ಳಿ. ಸ್ವಂತ ಮನೆಗೆ ವೈರೇ ಸರಿ.

3. ಡಬ್ಬಿ. ವೈಫೈ 6 ಇರಲಿ, ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್ ಇರಲಿ. 300 ಎಂಬಿಪಿಎಸ್ ಪ್ಲಾನ್ ಹಾಕಿಸಿ 100ರ ಪೋರ್ಟಿನ ಡಬ್ಬಿ ತಂದರೆ 95ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಡಬ್ಬದ ಮೇಲಿನ ಎಎಕ್ಸ್3000 ಎನ್ನುವುದಕ್ಕೆ ಮರುಳಾಗಬೇಡಿ. ಅದು 2.4ರ 574, 5ರ 2402 ಎಂಬಿಪಿಎಸ್ ಕೂಡಿಸಿ ಮೇಲಕ್ಕೆ ಏರಿಸಿದ ಲೆಕ್ಕ, ಯಾವ ಒಂದು ಫೋನಿಗೂ ಅಷ್ಟು ಸಿಗುವುದಿಲ್ಲ.

ಪಿಒಇ (ಪವರ್ ಓವರ್ ಈಥರ್ನೆಟ್) ಇರುವುದನ್ನೇ ಕೊಳ್ಳಿ. ಡೇಟಾ ವೈರಿನಲ್ಲೇ ಕರೆಂಟೂ ಹೋಗುತ್ತದೆ, ಸೀಲಿಂಗಿನಲ್ಲಿ ಪ್ಲಗ್ ಬೇಡ. ಫೈಬರ್ ಡಬ್ಬಿ, ಪಿಒಇ ಸ್ವಿಚ್ (ಆ ವೈರುಗಳಿಗೆ ಡೇಟಾ, ಕರೆಂಟ್ ಕೊಡುವ ಡಬ್ಬಿ) ಎರಡನ್ನೂ ಯುಪಿಎಸ್‌ಗೆ ಹಾಕಿದರೆ ಕರೆಂಟ್ ಹೋದರೂ ಮನೆಯಿಡೀ ವೈಫೈ ನಿಲ್ಲುವುದಿಲ್ಲ. ಪಿಒಇಯ ಮಾನದಂಡವಾದ 802.3ಎಎಫ್ ಅಥವಾ ಎಟಿ ಎಂದು ಬರೆದಿದೆಯೇ ನೋಡಿಕೊಳ್ಳಿ. 24 ವೋಲ್ಟಿನ ಪ್ಯಾಸಿವ್ ಪಿಒಇ ಬೇರೆ ಜಾತಿ, ಅದನ್ನು ಇದಕ್ಕೆ ಬೆರೆಸಬೇಡಿ.

4. ಸೆಟ್ಟಿಂಗ್. ಆಕ್ಸೆಸ್ ಪಾಯಿಂಟ್ ಮೋಡ್ ಆರಿಸಿ. ಹಳೇ ರೂಟರನ್ನೇ ಬಳಸುವುದಾದರೆ, ಆ ಮೋಡ್ ಇಲ್ಲದಿದ್ದಲ್ಲಿ ಮೊದಲು ಅದರ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ನಂಬರು) ಫೈಬರ್ ಡಬ್ಬಿಯದಕ್ಕೆ ಡಿಕ್ಕಿಯಾಗದಂತೆ ಬದಲಿಸಿ, ಡಿಎಚ್‌ಸಿಪಿ (ಫೋನುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ವೈರನ್ನು ಲ್ಯಾನ್ ಪೋರ್ಟಿಗೆ ಹಾಕಿ. ಕೆಳಗೂ ಮೇಲೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. 2.4ಕ್ಕೆ 1, 6, 11ರಲ್ಲಿ ಮಹಡಿಗೊಂದು ಚಾನೆಲ್ ಕೊಡಿ, 2.4ರ ಪವರನ್ನು ಮಾತ್ರ ಇಳಿಸಿ. ಇಲ್ಲದಿದ್ದರೆ ಫೋನು ಕೆಳಗಿನ ಡಬ್ಬಿಯನ್ನೇ ಹಿಡಿದುಕೊಂಡು ಮಹಡಿವರೆಗೂ ಬರುತ್ತದೆ. ಕೊನೆಗೆ ವಿಡಿಯೊ ಕಾಲ್ ಹಾಕಿಕೊಂಡು ಮೆಟ್ಟಿಲು ಹತ್ತಿ ನೋಡಿ. ನಡುವೆ ಕಟ್ ಆದರೆ ಪವರ್ ಇನ್ನೊಂದು ಮೆಟ್ಟಿಲು ಇಳಿಸಿ.