ಜಿಡಿಬಿಯಲ್ಲಿ ಟ್ರೇಸ್‌ಪಾಯಿಂಟ್ ಅಳಿಸುವುದು ಹೇಗೆ?

ಜಿಡಿಬಿ ಎಂದರೆ ಪ್ರೋಗ್ರಾಮಿನ ದೋಷ ಹುಡುಕಲು ನೆರವಾಗುವ ಸಾಧನ (ಡಿಬಗ್ಗರ್). ಅದರಲ್ಲಿ ಒಂದು ಸಾಲಿಗೆ ಇಟ್ಟ ಬ್ರೇಕ್‌ಪಾಯಿಂಟ್ ಅಲ್ಲಿಯೇ ಪ್ರೋಗ್ರಾಮನ್ನು ಹಿಡಿದು ನಿಲ್ಲಿಸುತ್ತದೆ. ಟ್ರೇಸ್‌ಪಾಯಿಂಟ್ ಹಾಗಲ್ಲ, ಪ್ರೋಗ್ರಾಮ್ ಆ ಸಾಲನ್ನು ದಾಟುವಾಗ ನಾವು ಹೇಳಿದ ಮೌಲ್ಯಗಳನ್ನು ಬಫರ್‌ನಲ್ಲಿ (ಮೆಮೊರಿಯ ತಾತ್ಕಾಲಿಕ ಜಾಗದಲ್ಲಿ) ಬರೆದಿಟ್ಟುಕೊಂಡು ಅದನ್ನು ಅದರ ಪಾಡಿಗೆ ಬಿಡುತ್ತದೆ. ಮೋಟಾರು ನಿಯಂತ್ರಿಸುವ ಬೋರ್ಡಿನಲ್ಲಿ ಅರೆಕ್ಷಣ ನಿಂತರೂ ದೋಷವೇ ಮರೆಯಾಗಬಹುದು. ಅಂಥ ಕಡೆ ಇದಕ್ಕೆ ಬದಲಿಯೇ ಇಲ್ಲ. ಆದರೆ ಇಡುವುದು ಸುಲಭವಾದ್ದರಿಂದ ಹುಡುಕಾಟ ಮುಂದುವರಿದಂತೆ ಇವುಗಳ ಸಂಖ್ಯೆ ಏರುತ್ತಲೇ ಹೋಗುತ್ತದೆ. ಬಫರ್ ಬೇಡದ ದಾಖಲೆಗಳಿಂದ ತುಂಬಿ, ಬೇಕಾದ ದಾಖಲೆಗೇ ಜಾಗ ಇಲ್ಲವಾಗುತ್ತದೆ.

ಅಳಿಸುವ ಆದೇಶ ಒಂದೇ ಸಾಲಿನದು. ಎಡವುವುದು ಆದೇಶದಲ್ಲಿ ಅಲ್ಲ, ಅದನ್ನು ಕೊಡುವ ಹೊತ್ತಿನಲ್ಲಿ.

ಇಲ್ಲಿನ ಆದೇಶಗಳನ್ನೆಲ್ಲ ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ‘ಟಿಸ್ಟಾರ್ಟ್’, ‘ಟಿಸ್ಟಾಪ್’, ‘ಟಿಡಂಪ್’ ಮುಂತಾದವುಗಳಲ್ಲಿ ಮೊದಲ ಟಿ ಅಕ್ಷರಕ್ಕೂ ಮುಂದಿನ ಪದಕ್ಕೂ ನಡುವೆ ಜಾಗ ಬಿಡಬಾರದು.

ಮೊದಲು ಪಟ್ಟಿ ನೋಡಿ. ‘ಇನ್ಫೋ ಟ್ರೇಸ್‌ಪಾಯಿಂಟ್ಸ್’ ಎಂದು ಕೊಟ್ಟರೆ ಎಲ್ಲ ಟ್ರೇಸ್‌ಪಾಯಿಂಟ್‌ಗಳೂ ಸಾಲಾಗಿ ಬರುತ್ತವೆ. ‘ಇನ್ಫೋ ಟಿಪಿ’ ಎಂದರೂ ಸಾಕು. ಎಡತುದಿಯಲ್ಲಿ ಸಂಖ್ಯೆ, ನಂತರ ಬಗೆ, ಚಾಲ್ತಿಯಲ್ಲಿದೆಯೇ ಎಂಬುದಕ್ಕೆ ವೈ ಅಥವಾ ಎನ್, ಕೊನೆಗೆ ವಿಳಾಸ ಮತ್ತು ಮೂಲ ಕಡತದ ಸಾಲು. ಅದರ ಕೆಳಗೆ ‘ಕಲೆಕ್ಟ್’ ಎಂದು ಆರಂಭವಾಗುವ ಸಾಲುಗಳಿದ್ದರೆ, ಅಲ್ಲಿ ಏನನ್ನು ಸಂಗ್ರಹಿಸಲು ಹೇಳಿದ್ದಿರಿ ಎಂಬುದೂ ಕಾಣುತ್ತದೆ. ಯಾವುದನ್ನು ಏಕೆ ಇಟ್ಟಿದ್ದೆವು ಎಂಬುದು ನೆನಪಾಗುವುದು ಹೆಚ್ಚಾಗಿ ಈ ಸಾಲುಗಳಿಂದಲೇ.

ಈ ಸಂಖ್ಯೆಗಳ ನಡುವೆ ಖಾಲಿ ಜಾಗ ಕಂಡರೆ ಗಾಬರಿ ಬೇಡ. ಬ್ರೇಕ್‌ಪಾಯಿಂಟ್, ವಾಚ್‌ಪಾಯಿಂಟ್ (ಮೌಲ್ಯ ಬದಲಾದಾಗ ನಿಲ್ಲಿಸುವುದು), ಟ್ರೇಸ್‌ಪಾಯಿಂಟ್ ಮೂರಕ್ಕೂ ಜಿಡಿಬಿ ಒಂದೇ ಸರಣಿಯಿಂದ ಸಂಖ್ಯೆ ಹಂಚುತ್ತದೆ. ಅಳಿಸಿದ ಸಂಖ್ಯೆಯನ್ನು ಹೊಸದಕ್ಕೆ ಕೊಡುವುದೂ ಇಲ್ಲ. ಹಾಗಾಗಿ ನಿನ್ನೆಯ ನೆನಪಿನಿಂದ ಸಂಖ್ಯೆ ಟೈಪ್ ಮಾಡುವುದು ಅಪಾಯ. ಪಟ್ಟಿ ನೋಡಿಯೇ ಮಾಡಿ.

ಈಗ, ನಿಜಕ್ಕೂ ಅಳಿಸಬೇಕೇ? ನನ್ನನ್ನು ಕೇಳಿದರೆ, ಹತ್ತರಲ್ಲಿ ಏಳೆಂಟು ಸಲ ಬೇಕಿರುವುದು ತಾತ್ಕಾಲಿಕವಾಗಿ ಸುಮ್ಮನಿರಿಸುವುದು ಮಾತ್ರ. ‘ಡಿಸೇಬಲ್ ಟ್ರೇಸ್‌ಪಾಯಿಂಟ್ 4’ ಎಂದರೆ ನಾಲ್ಕನೆಯದು ಪಟ್ಟಿಯಲ್ಲೇ ಉಳಿದು ಕೆಲಸ ನಿಲ್ಲಿಸುತ್ತದೆ. ಅದರ ಷರತ್ತು, ಸಂಗ್ರಹದ ಸೂಚನೆ ಯಾವುದೂ ಹೋಗುವುದಿಲ್ಲ. ಮತ್ತೆ ಬೇಕಾದಾಗ ‘ಎನೇಬಲ್ ಟ್ರೇಸ್‌ಪಾಯಿಂಟ್ 4’. ಅಳಿಸಿದ್ದಕ್ಕೆ ಇಂಥ ಮರಳುದಾರಿ ಇಲ್ಲ, ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಅನುಮಾನವಿದ್ದರೆ ‘ಸೇವ್ ಬ್ರೇಕ್‌ಪಾಯಿಂಟ್ಸ್’ ಎಂದು ಬರೆದು ಮುಂದೆ ಒಂದು ಕಡತದ ಹೆಸರು ಕೊಡಿ. ಟ್ರೇಸ್‌ಪಾಯಿಂಟ್‌ಗಳೂ ಸೇರಿ ಎಲ್ಲವೂ ಆ ಕಡತಕ್ಕೆ ಇಳಿಯುತ್ತವೆ; ‘ಸೋರ್ಸ್’ ಆದೇಶದಿಂದ ಮರಳಿ ತರಬಹುದು.

ಅಳಿಸಲೇಬೇಕೆಂದರೆ, ಸಂಗ್ರಹವಾದದ್ದನ್ನು ಓದಿ ಮುಗಿಸಿದ ಮೇಲೆ ಅಳಿಸಿ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ‘ಟಿಸ್ಟಾಪ್’ ಕೊಟ್ಟು ಸಂಗ್ರಹ ನಿಲ್ಲಿಸಿ, ‘ಟಿಫೈಂಡ್ ಸ್ಟಾರ್ಟ್’ ಎಂದು ಮೊದಲ ದಾಖಲೆಗೆ ಹೋಗಿ, ‘ಟಿಡಂಪ್’ ಮೂಲಕ ಅದರಲ್ಲಿರುವುದನ್ನು ತೆರೆದು ನೋಡುವುದು ವಾಡಿಕೆ. ಆದರೆ ಏನೇನು ತೋರಿಸಬೇಕು ಎಂಬುದನ್ನು ‘ಟಿಡಂಪ್’ ತಿಳಿಯುವುದು ಆ ಟ್ರೇಸ್‌ಪಾಯಿಂಟ್‌ಗೆ ಬರೆದಿದ್ದ ಸಂಗ್ರಹ ಸೂಚನೆಗಳಿಂದ. ಟ್ರೇಸ್‌ಪಾಯಿಂಟನ್ನೇ ಅಳಿಸಿಬಿಟ್ಟಿದ್ದರೆ ದಾಖಲೆ ಬಫರ್‌ನಲ್ಲಿದ್ದರೂ ‘ಟಿಡಂಪ್’ ಕೈಚೆಲ್ಲುತ್ತದೆ. ಈ ದಾಖಲೆಗೆ ಹೊಂದುವ ಟ್ರೇಸ್‌ಪಾಯಿಂಟ್ ಸಿಗಲಿಲ್ಲ ಎಂಬ ದೋಷ ಸಂದೇಶ ಬರುತ್ತದೆ. ಓದಲು ಈಗ ಪುರುಸೊತ್ತಿಲ್ಲವೇ? ‘ಟಿಸೇವ್’ ಮುಂದೆ ಕಡತದ ಹೆಸರು ಕೊಟ್ಟು ಉಳಿಸಿಟ್ಟುಕೊಳ್ಳಿ, ಆಮೇಲೆ ‘ಟಾರ್ಗೆಟ್ ಟಿಫೈಲ್’ ಮೂಲಕ ತೆರೆಯಿರಿ. ಉಳಿಸದೆ, ಸಂಗ್ರಹ ಆರಂಭಿಸುವ ‘ಟಿಸ್ಟಾರ್ಟ್’ ಮತ್ತೆ ಕೊಟ್ಟರೆ ಹಳೆಯ ಸಂಗ್ರಹ ಪೂರ್ತಿ ಹೋಗುತ್ತದೆ.

ಇನ್ನು ಅಳಿಸುವ ಆದೇಶ:

ಡಿಲೀಟ್ ಟ್ರೇಸ್‌ಪಾಯಿಂಟ್ 4

ಎರಡರಿಂದ ಐದರವರೆಗೆ ಬೇಡವೆಂದರೆ ನಡುವೆ ಅಡ್ಡಗೆರೆ ಹಾಕಿ 2-5 ಎಂದು ಕೊಡಬಹುದು. ಬಿಡಿಬಿಡಿಯಾಗಿದ್ದರೆ ಜಾಗ ಬಿಟ್ಟು 2 5 9 ಎನ್ನಬಹುದು. ‘ಡೆಲ್ ಟಿಆರ್’ ಎಂಬ ಚುಟುಕು ರೂಪವೂ ನಡೆಯುತ್ತದೆ. ಈಗಷ್ಟೇ ಇಟ್ಟದ್ದನ್ನು ತೆಗೆಯಲು ಸಂಖ್ಯೆಯೂ ಬೇಕಿಲ್ಲ: ಡಾಲರ್ ಚಿಹ್ನೆಯ ಬೆನ್ನಿಗೆ ‘ಟಿಪಿನಮ್’ ಎಂದು ಬರೆದರೆ ಕೊನೆಯ ಟ್ರೇಸ್‌ಪಾಯಿಂಟಿನ ಸಂಖ್ಯೆ ಅದರಲ್ಲಿರುತ್ತದೆ.

ಸಂಖ್ಯೆ ಕೊಡದೆ ‘ಡಿಲೀಟ್ ಟ್ರೇಸ್‌ಪಾಯಿಂಟ್’ ಎಂದಷ್ಟೇ ಒತ್ತಿದರೆ ಎಲ್ಲ ಟ್ರೇಸ್‌ಪಾಯಿಂಟ್‌ಗಳೂ ಹೋಗುತ್ತವೆ. ಜಿಡಿಬಿ ಒಮ್ಮೆ ಕೇಳುತ್ತದೆ, ವೈ ಒತ್ತಿದರೆ ಮುಗಿಯಿತು. ಬರೀ ‘ಡಿಲೀಟ್’ ಇನ್ನೂ ದೊಡ್ಡ ಪೊರಕೆ: ಬ್ರೇಕ್‌ಪಾಯಿಂಟ್‌ಗಳ ಜೊತೆಗೆ ಟ್ರೇಸ್‌ಪಾಯಿಂಟ್‌ಗಳನ್ನೂ ಗುಡಿಸುತ್ತದೆ. ಅನೇಕ ಆವೃತ್ತಿಗಳು ಆಗ ಕೇಳುವುದು ‘ಎಲ್ಲ ಬ್ರೇಕ್‌ಪಾಯಿಂಟ್ ಅಳಿಸಲೇ’ ಎಂದಷ್ಟೇ. ಟ್ರೇಸ್‌ಪಾಯಿಂಟಿನ ಸುದ್ದಿಯೇ ಇರುವುದಿಲ್ಲ. ‘ಸೆಟ್ ಕನ್ಫರ್ಮ್ ಆಫ್’ ಮಾಡಿಟ್ಟುಕೊಂಡವರಿಗೆ ಆ ಪ್ರಶ್ನೆಯೂ ಎದುರಾಗುವುದಿಲ್ಲ.

ಅಳಿಸಿದ ಮೇಲೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಸಂಗ್ರಹ ನಡೆಯುತ್ತಿರುವಾಗ ಅಳಿಸಬೇಡಿ, ಮೊದಲು ‘ಟಿಸ್ಟಾಪ್’ ಕೊಡಿ. ಏಕೆಂದರೆ ಟ್ರೇಸ್‌ಪಾಯಿಂಟಿನ ಒಂದು ಪ್ರತಿ, ಪ್ರೋಗ್ರಾಮ್ ಓಡುತ್ತಿರುವ ಆ ಕಡೆಯ ಯಂತ್ರಕ್ಕೆ ಹೋಗಿ ಕೂತಿರುತ್ತದೆ. 2010ರಲ್ಲಿ ಬಂದ 7.2ನೇ ಆವೃತ್ತಿಯಿಂದ ಜಿಡಿಬಿಸರ್ವರ್ (ಆ ಯಂತ್ರದಲ್ಲಿ ಓಡುತ್ತಾ ಜಿಡಿಬಿಗೆ ನೆರವಾಗುವ ಸಣ್ಣ ಪ್ರೋಗ್ರಾಮ್) ಟ್ರೇಸ್‌ಪಾಯಿಂಟ್ ನಡೆಸಬಲ್ಲುದು. ಸರ್ವರ್ ಇಲ್ಲದೆ, ನಿಮ್ಮದೇ ಕಂಪ್ಯೂಟರಿನಲ್ಲಿ ನೇರವಾಗಿ ಓಡಿಸಿದ ಪ್ರೋಗ್ರಾಮಿನಲ್ಲಿ ಟ್ರೇಸ್‌ಪಾಯಿಂಟ್ ಇಡಬಹುದು, ಅಳಿಸಬಹುದು; ಆದರೆ ‘ಟಿಸ್ಟಾರ್ಟ್’ ನಡೆಯುವುದಿಲ್ಲ.

ಎಲ್ಲ ಸರಿಯಾಗಿ ಅಳಿಸಿದ ಮೇಲೂ ಕೆಲವೊಮ್ಮೆ ಹಳೆಯದು ಪಟ್ಟಿಯಲ್ಲಿ ಮತ್ತೆ ತಲೆಯೆತ್ತುವುದುಂಟು. ಸಂಗ್ರಹ ನಡೆಯುತ್ತಿದ್ದಾಗಲೇ ಸಂಪರ್ಕ ಕಡಿದು ಮರಳಿ ಜೋಡಿಸಿದರೆ ಆ ಕಡೆಯಲ್ಲಿರುವ ಟ್ರೇಸ್‌ಪಾಯಿಂಟ್‌ಗಳನ್ನು ಜಿಡಿಬಿ ತನ್ನ ಪಟ್ಟಿಯ ಜೊತೆ ತಾಳೆ ನೋಡುತ್ತದೆ. ಹೊಂದುವಂಥದ್ದು ಸಿಗದಿದ್ದರೆ ಹೊಸದೊಂದನ್ನು ತಾನೇ ಸೃಷ್ಟಿಸುತ್ತದೆ. ಈ ತಾಳೆ ಅಂದಾಜಿನದು, ಉಪಯೋಗವಿಲ್ಲದವೂ ಹುಟ್ಟಬಹುದು. ಅವುಗಳ ಹೊಸ ಸಂಖ್ಯೆ ನೋಡಿಕೊಂಡು ಇದೇ ಆದೇಶದಿಂದ ಅಳಿಸಿ. ‘ಟಿವೇರಿಯಬಲ್’ ಆದೇಶದಿಂದ ಎಣಿಕೆಗೆಂದು ಚರಗಳನ್ನು ಮಾಡಿಕೊಂಡಿದ್ದರೆ ಅವು ಟ್ರೇಸ್‌ಪಾಯಿಂಟಿನ ಜೊತೆ ಹೋಗುವುದಿಲ್ಲ. ‘ಡಿಲೀಟ್ ಟಿವೇರಿಯಬಲ್’ ಎಂದು ಹೆಸರು ಕೊಟ್ಟು ಬೇರೆಯಾಗಿಯೇ ತೆಗೆಯಬೇಕು.