ಹಳೇ ಸ್ಪ್ಯಾನರ್ ಮೇಲಿನ ಅಕ್ಷರ ರೈಲ್ವೆಯದ್ದೇ?

ಅಮೆರಿಕದ ಹಳೇ ಸ್ಪ್ಯಾನರ್ ಮೇಲೆ ರೈಲ್ವೆ ಕಂಪನಿಯ ಅಥವಾ ತಯಾರಕರ ಹೆಸರಿನ ಮೊದಲಕ್ಷರಗಳು ಇರುವುದುಂಟು. ಆದರೆ ಅಂಥದ್ದು ಸಿಕ್ಕಿದೊಡನೆ ಗ್ರೈಂಡರ್‌ಗೆ ತಂತಿ ಬ್ರಷ್ ಸಿಕ್ಕಿಸಿ ಫಳಫಳ ಹೊಳೆಸುವವರೇ ಹೆಚ್ಚು. ತುಕ್ಕಿನ ಜೊತೆ ಅಕ್ಷರದ ಅಂಚೂ ಸವೆದುಹೋಗುತ್ತದೆ. ಆಸಿಡ್ ಅಂತೂ ಬೇಡವೇ ಬೇಡ. ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಿತ್ತಾಳೆ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ ಒರೆಸಿದರೆ ಸಾಕು.

ಇನ್ನು ಓದುವುದು. ಕೋಣೆ ಕತ್ತಲಾಗಿರಲಿ. ಟಾರ್ಚನ್ನು ಸ್ಪ್ಯಾನರ್ ಪಕ್ಕದಲ್ಲೇ ಮಲಗಿಸಿ, ನಾಲ್ಕೂ ಕಡೆಯಿಂದ ಬೆಳಕು ಹಾಯಿಸಿ. ಮೇಲಿನಿಂದ ಬಿಟ್ಟರೆ ತಗ್ಗಿನ ನೆರಳು ಬೀಳದೆ ಏನೂ ಕಾಣದು. ಆಗಲೂ ಮಸುಕಾಗಿದ್ದರೆ ತೆಳು ಕಾಗದವಿಟ್ಟು ಪೆನ್ಸಿಲನ್ನು ಅಡ್ಡಡ್ಡ ಉಜ್ಜಿ.

ಎಡವುವುದು ಮುಂದಿನ ಹಂತದಲ್ಲಿ, ಅಕ್ಷರ ಯಾರದ್ದೆಂದು ಗುರುತಿಸುವಾಗ. ‘ಪಿ.ಆರ್.ಆರ್.’ ಎಂದರೆ ಪೆನ್ಸಿಲ್ವೇನಿಯಾ ರೈಲ್‌ರೋಡ್; 1846ರಲ್ಲಿ ಹುಟ್ಟಿ 1968ರಲ್ಲಿ ಪೆನ್ ಸೆಂಟ್ರಲ್ ಎಂಬ ರೈಲ್ವೆ ಕಂಪನಿಯಲ್ಲಿ ಸೇರಿಹೋಯಿತು. ‘ಬಿ ಆ್ಯಂಡ್ ಓ’ ಬಾಲ್ಟಿಮೋರ್ ಆ್ಯಂಡ್ ಒಹಾಯೊ. ಹಾಗೆಂದು ‘ಆ್ಯಂಡ್’ ಚಿಹ್ನೆ (&) ಕಂಡಲ್ಲೆಲ್ಲ ರೈಲು ಓಡಿಸಬೇಡಿ. ‘ಪಿ.ಎಸ್. ಆ್ಯಂಡ್ ಡಬ್ಲ್ಯು’ ಎನ್ನುವುದು ಪೆಕ್, ಸ್ಟೋ ಆ್ಯಂಡ್ ವಿಲ್‌ಕಾಕ್ಸ್. ‘ಬಿ ಆ್ಯಂಡ್ ಸಿ’ ಬೆಮಿಸ್ ಆ್ಯಂಡ್ ಕಾಲ್. ಎರಡೂ ಉಪಕರಣ ತಯಾರಕರು. ಅದಕ್ಕೇ ಮೊದಲು ತಯಾರಕರ ಪಟ್ಟಿ ನೋಡಿ, ಆಮೇಲೆ ರೈಲ್ವೆ ಪಟ್ಟಿ.

ಅಕ್ಷರ ಉಬ್ಬಿದೆಯೋ ತಗ್ಗಿದೆಯೋ? ಉಬ್ಬಿದ್ದರೆ ಅದು ಅಚ್ಚಿನಲ್ಲೇ ಇತ್ತು, ಸ್ಪ್ಯಾನರ್ ಜೊತೆಗೇ ಹುಟ್ಟಿದ್ದು. ತಗ್ಗಿನ ಅಕ್ಷರಗಳು ಒಂದು ಮೇಲೆ, ಒಂದು ಕೆಳಗೆ ವಾಲಿದ್ದರೆ ಒಂದೊಂದಾಗಿ ಪಂಚ್ (ತುದಿಯಲ್ಲಿ ಅಕ್ಷರವಿರುವ ಉಕ್ಕಿನ ಮೊಳೆ) ಇಟ್ಟು ಸುತ್ತಿಗೆಯಿಂದ ಹೊಡೆದದ್ದು. ಹೊಡೆದವರು ಅಂದಿನ ರೈಲ್ವೆ ವರ್ಕ್‌ಶಾಪಿನವರಿರಬಹುದು, ಮೊನ್ನೆಯ ಮಾರಾಟಗಾರನೂ ಇರಬಹುದು. ಭೂತಗನ್ನಡಿ ಹಿಡಿದು ಅಕ್ಷರದ ತಳ ನೋಡಿ. ಅಕ್ಷರ ಹಳೆಯದಾದರೆ ಸುತ್ತಲಿನ ಕಂದು ಬಣ್ಣ ತಳದಲ್ಲೂ ಇರಬೇಕು. ತುಕ್ಕು ತಿಂದ ಗುಳಿಯನ್ನು ಪಂಚ್ ಚಪ್ಪಟೆ ಮಾಡಿದ್ದರೆ ತುಕ್ಕು ಮೊದಲು, ಅಕ್ಷರ ಆಮೇಲೆ. ಅಂಥದ್ದನ್ನು ಕೊಳ್ಳಬೇಡಿ.

‘3/4’ ಎಂದು ಬರೆದಿದ್ದು ಬಾಯಿ ಅಳೆದರೆ 1 1/4 ಇಂಚು ಬಂತೇ? ತಪ್ಪಲ್ಲ. ಹಿಂದೆ ಬರೆಯುತ್ತಿದ್ದದ್ದು ಬೋಲ್ಟಿನ ದಪ್ಪ. ಅದರ ಒಂದೂವರೆ ಪಟ್ಟಿಗೆ 1/8 ಇಂಚು ಸೇರಿಸಿದರೆ ನಟ್ಟಿನ ಅಗಲ. ಇಂಥ ಗುರುತು ಹಳೇ ಕಾಲದ ಒಳ್ಳೇ ಸುಳಿವು.

ಪೇಟೆಂಟ್ ಸಂಖ್ಯೆಯಿದ್ದರೆ ಗೂಗಲ್ ಪೇಟೆಂಟ್ಸ್‌ನಲ್ಲಿ ಹಾಕಿ. 10 ಲಕ್ಷದ ಸಂಖ್ಯೆ ಬಂದದ್ದು 1911ರ ಆಗಸ್ಟ್‌ನಲ್ಲಿ, 20 ಲಕ್ಷದ್ದು 1935ರ ಏಪ್ರಿಲ್‌ನಲ್ಲಿ. ಸ್ಪ್ಯಾನರ್ ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಇದರಿಂದ ಗೊತ್ತಾಗುತ್ತದೆ, ತಯಾರಾದ ವರ್ಷವಲ್ಲ. ಬರೀ ಪೇಟೆಂಟ್ ತಾರೀಖಿದ್ದು, ಅದರ ಅಂಕಿ 3 ಅಥವಾ 8 ಎಂಬ ಗೊಂದಲವಾದರೆ ಆ ವರ್ಷದ ಕ್ಯಾಲೆಂಡರ್ ತೆಗೆಯಿರಿ: ಅಮೆರಿಕದಲ್ಲಿ ಪೇಟೆಂಟ್ ಕೊಡುತ್ತಿದ್ದದ್ದು ಮಂಗಳವಾರ, ಹಾಗಾಗಿ ಮಂಗಳವಾರ ಬೀಳುವ ತಾರೀಖೇ ಸರಿ.

ಕೊನೆಗೆ ತೆಳ್ಳಗೆ ಎಣ್ಣೆ ಸವರಿ. ಅಕ್ಷರ ಎದ್ದು ಕಾಣಲೆಂದು ಬಿಳಿ ಬಣ್ಣ ತುಂಬುವ ಚಾಳಿ ಮಾತ್ರ ಬೇಡ. ಮುಂದೆ ಪರೀಕ್ಷಿಸುವವರು ನೋಡಬೇಕಾದ ತಳವೇ ಮುಚ್ಚಿಹೋಗುತ್ತದೆ.